ಗಡಿಯಾರದಂಥ ಸೊಸೆ

ಜಯನಗರ ಮೂರನೇ ಬ್ಲಾಕಿನ ಆ ಬೀದಿಯಲ್ಲಿ ಗೌರಮ್ಮನವರ ಸೊಸೆ ಯಾವಾಗ ಹೊರಗೆ ಕೂರುತ್ತಾಳೆ ಅನ್ನುವುದು ಗೊತ್ತಿಲ್ಲದ ಹೆಂಗಸೇ ಇರಲಿಲ್ಲ. ಅದೇನು ಊರಿಗೆಲ್ಲ ಸಾರುವ ವಿಷಯವೇ? ಅಲ್ಲ. ಆದರೆ ಗೌರಮ್ಮನ ಬಾಯಿಗೆ ಬೀಗ ಹಾಕುವವರು ಯಾರು? ಗೇಟಿನ ಹತ್ತಿರ ನಿಂತು ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಲೇ ಪಕ್ಕದ ಮನೆಯವರಿಗೆ ವರದಿ ಒಪ್ಪಿಸುತ್ತಿದ್ದರು.

"ಚೂಡಾಮಣಿ ಹೊರಗಿದಾಳೆ ಕಣ್ರೀ. ಇವತ್ತು ನಂದೇ ಅಡಿಗೆ. ನಮ್ಮ ಸೊಸೆ ವಿಷಯದಲ್ಲಿ ಹಿಂದಿಲ್ಲ ಮುಂದಿಲ್ಲ, ಗಡಿಯಾರ ಇಟ್ಟ ಹಾಗೆ. ಅವಳಲ್ಲಿ ಒಂದು ದೋಷ ಇಲ್ಲ. ಏನು ಪ್ರಾರಬ್ಧವೋ, ಮಡಿಲು ಮಾತ್ರ ತುಂಬಲಿಲ್ಲ."

ಹಿತ್ತಲ ಕಡೆ, ಒಗೆಯುವ ಕಲ್ಲಿನ ಪಕ್ಕದ ಸಣ್ಣ ಕೋಣೆಯಲ್ಲಿ ಚಾಪೆ, ಚೊಂಬು, ತಟ್ಟೆ ಇಟ್ಟುಕೊಂಡು ಕೂತ ಚೂಡಾಮಣಿಗೆ ಇದೆಲ್ಲ ಕೇಳಿಸುತ್ತಿತ್ತು. ಅತ್ತೆ ದೂರದಿಂದಲೇ ತಟ್ಟೆಗೆ ಮಜ್ಜಿಗೆ ಅನ್ನ ಹಾಕಿ ಹೋಗುತ್ತಿದ್ದರು. ಇವಳು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಳು. ಅವಳು ನಿಜವಾಗಿ ಮುಟ್ಟಾಗಿ ಐದು ತಿಂಗಳಾಗಿತ್ತು.

ಸುಳ್ಳುಗಾತಿ ಅಂತ ಬಯ್ಯಬೇಕೆನ್ನಿಸಿದವರು ಮೊದಲು ಮಿಕ್ಕಿದ್ದನ್ನೂ ಕೇಳಿ, ಆಮೇಲೆ ಬಯ್ಯಿರಿ.

ಎಪ್ಪತ್ತನಾಲ್ಕರಲ್ಲಿ ಹನುಮಂತನಗರದ ಆ ಹುಡುಗಿಯನ್ನು ಬ್ಯಾಂಕಿನ ಗುಮಾಸ್ತ ಬದರಿನಾಥನಿಗೆ ಕೊಟ್ಟು ಮದುವೆ ಮಾಡಿದರು. ಮೈನೆರೆದಾಗಿನಿಂದಲೂ ಅವಳಿಗೆ ತಿಂಗಳು ಅನ್ನುವುದು ನೆಟ್ಟಗೆ ಇದ್ದದ್ದೇ ಇಲ್ಲ. ಬಂದರೆ ಬಂತು, ಇಲ್ಲದಿದ್ದರೆ ಮೂರು ನಾಲ್ಕು ತಿಂಗಳು ಪತ್ತೆಯೇ ಇಲ್ಲ. "ಮದುವೆಯಾದ್ರೆ ಎಲ್ಲ ಸರಿಹೋಗತ್ತೆ" ಅಂದಿದ್ದರು ಅವಳ ಅಮ್ಮ. ಹೆಣ್ಣುಮಕ್ಕಳ ಯಾವ ತೊಂದರೆಗೂ ನಮ್ಮ ಅಮ್ಮಂದಿರ ಹತ್ತಿರ ಅದೊಂದೇ ಔಷಧಿ.

ಮದುವೆಯಾದ ವರ್ಷವೇ ತಿಂಗಳುಗಟ್ಟಲೆ ನಿಂತಿತು. ಗೌರಮ್ಮ ಹಿಗ್ಗಿದ್ದೇ ಹಿಗ್ಗಿದ್ದು! ಬಳೆಗಾರನನ್ನು ಮನೆಗೇ ಕರೆಸಿ ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದರು. ಹುಳಿಯವಲಕ್ಕಿ, ಕೋಡುಬಳೆ, ಕಾಯಿಹೋಳಿಗೆ ಅಂತ ಬಯಕೆಗೆ ಮಾಡಿ ಮಾಡಿ ಬಡಿಸಿದರು. ಮೈಸೂರಿನಿಂದ ಅವರ ಅಕ್ಕ ಬಂದು ಮಗುವಿಗೆ ಹೆಸರು ಕೂಡ ಇಟ್ಟುಬಿಟ್ಟರು. ಒಂದು ದಿನ ಬೆಳಿಗ್ಗೆ ಚೂಡಾಮಣಿ ಹಸಿರು ಬಳೆಯ ಕೈಯಲ್ಲೇ ಚಾಪೆ ಹಿಡಿದು ಹಿತ್ತಲ ಕೋಣೆಗೆ ಹೋಗಬೇಕಾಯಿತು. ಆ ದಿನ ಗೌರಮ್ಮ ಅತ್ತರು, ಸೊಸೆಗೆ ಸಮಾಧಾನವನ್ನೂ ಹೇಳಿದರು. ಎರಡನೆಯ ಸಲ ಹೀಗೇ ಆದಾಗ ಏನೂ ಹೇಳಲಿಲ್ಲ. ಮೂರನೆಯ ಸಲ ಮಾತ್ರ ನಡುಮನೆಯಲ್ಲಿ ನಿಂತು, ಪಕ್ಕದ ಮನೆಗೂ ಕೇಳುವ ಹಾಗೆ ಅಂದರು.

"ಬಸುರಿ ನಾಟಕ ಆಡೋದೇ ಇವಳಿಗೆ ಕೆಲಸ ಆಗೋಯ್ತು! ನಾನು ಊರಿಗೆಲ್ಲ ಹೇಳ್ಕೊಂಡು ಬರೋದು, ಇವಳು ಹೋಗಿ ಹೊರಗೆ ಕೂತ್ಕೊಳೋದು. ನನ್ನ ಮಾನ ಕಳೆಯೋಕೇ ಹುಟ್ಟಿದಾಳೆ."

ಆ ಅಕ್ಕ ಮತ್ತೆ ಮೈಸೂರಿನಿಂದ ಬಂದರು. ಈಗೇನೋ ಹೊಸ ಕಾನೂನು ಬಂದಿದೆಯಂತೆ, ಗಂಡ ಹೆಂಡತಿ ಇಬ್ಬರೂ ಒಪ್ಪಿ ಸಹಿ ಹಾಕಿದರೆ ಕೋರ್ಟಿನಲ್ಲಿ ರಗಳೆಯಿಲ್ಲದೆ ಬಿಡಿಸಿಕೊಳ್ಳಬಹುದಂತೆ, ಬದರಿಗೆ ಇನ್ನೂ ಮೂವತ್ತು ತುಂಬಿಲ್ಲ, ಯಾರು ಬೇಕಾದರೂ ಹೆಣ್ಣು ಕೊಡುತ್ತಾರೆ ಅಂತ ಅಡಿಗೆಮನೆಯಲ್ಲಿ ಪಿಸುಗುಟ್ಟಿದರು. ಚೂಡಾಮಣಿ ಬಾಗಿಲಾಚೆ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತುಹೋಯಿತು. ಹನುಮಂತನಗರದಲ್ಲಿ ತಂಗಿ ವಿಮಲಾಗೆ ಗಂಡು ನೋಡುತ್ತಿದ್ದರು. ಬಂಜೆ ಅನ್ನಿಸಿಕೊಂಡು ಅಕ್ಕ ವಾಪಸ್ಸು ಬಂದ ಮನೆಯಿಂದ ಯಾರಾದರೂ ಹೆಣ್ಣು ತರುತ್ತಾರೆಯೇ? ತನ್ನ ಬಾಳೂ ಹಾಳು, ತಂಗಿಯ ಬಾಳೂ ಹಾಳು.

ಮುಂದಿನ ತಿಂಗಳು ಚೂಡಾಮಣಿ ತಾನಾಗಿಯೇ ಚಾಪೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೂತಳು. ಮೈಯಲ್ಲಿ ಏನೂ ಇರಲಿಲ್ಲ. ಅದರ ಮುಂದಿನ ತಿಂಗಳೂ ಕೂತಳು. ನಿಜವಾಗಿ ಆಗುವಾಗ ಹೇಗೋ ಮುಚ್ಚಿಡುವಳು, ಆಗದಿದ್ದಾಗ ದಿನ ನೋಡಿ ಕೂರುವಳು. ಗೌರಮ್ಮನ ಮುಖ ತಿಳಿಯಾಯಿತು. "ತಿಂಗಳು ಸರಿಹೋಯ್ತು, ಇನ್ನು ಮಕ್ಕಳಾಗೋದೊಂದು ಬಾಕಿ" ಅಂತ ಅವರೇ ಅಕ್ಕನ ಬಾಯಿ ಮುಚ್ಚಿಸಿದರು. ಒಂದು ಸುಳ್ಳಿಗೆ ಇಷ್ಟು ನೆಮ್ಮದಿ ಸಿಗುತ್ತದೆಂದು ಚೂಡಾಮಣಿಗೆ ಮೊದಲೇ ಗೊತ್ತಿದ್ದರೆ ಇನ್ನೂ ಮುಂಚೆಯೇ ಹೇಳುತ್ತಿದ್ದಳೋ ಏನೋ. ಬಸುರಿ ಅಲ್ಲ ಅಂತ ತಿಂಗಳು ತಿಂಗಳು ತಾನೇ ಹೇಳಿಬಿಟ್ಟರೆ, ಬಸುರಿ ನಾಟಕದ ಮಾತು ಬರುವುದಿಲ್ಲವಲ್ಲ.

ಆದರೆ ಮಗು?

ಎಪ್ಪತ್ತೇಳರಲ್ಲಿ ಗೌರಮ್ಮ ಸೊಸೆಯನ್ನು ಕರೆದುಕೊಂಡು ಬನಶಂಕರಿ ಕಡೆ ನರ್ಸಿಂಗ್ ಹೋಂ ಇಟ್ಟಿದ್ದ ಡಾಕ್ಟರ್ ಅಂಬುಜಾಕ್ಷಿಯ ಹತ್ತಿರ ಹೋದರು. ದಪ್ಪ ಕನ್ನಡಕದ, ಗಡಸು ಮಾತಿನ ಹೆಂಗಸು. ಚೂಡಾಮಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎರಡು ವರ್ಷದಲ್ಲಿ ದಪ್ಪವಾದ ಮೈ, ಕೆನ್ನೆಯ ಮೇಲೆ ಹೋಗದ ಮೊಡವೆ, ಕೂದಲು ಕಿತ್ತು ಕಿತ್ತು ಕಪ್ಪಾಗಿದ್ದ ಗಲ್ಲ.

"ತಿಂಗಳು ತಿಂಗಳು ಸರಿಯಾಗಿ ಆಗತ್ತಾ?"

"ಗಡಿಯಾರ ಡಾಕ್ಟ್ರೇ!" ಅಂದರು ಗೌರಮ್ಮ.

"ನಿಮ್ಮನ್ನ ಕೇಳಲಿಲ್ಲ. ನೀನು ಹೇಳಮ್ಮ."

ಅತ್ತೆ ಪಕ್ಕದ ಕುರ್ಚಿಯಲ್ಲೇ ಇದ್ದರು. ಚೂಡಾಮಣಿ ಏನು ಹೇಳಿಯಾಳು? "ಹೌದು, ಸರಿಯಾಗಿ ಆಗತ್ತೆ" ಅಂದಳು.

ತಿಂಗಳು ಸರಿಯಿದ್ದರೆ ಮೊಟ್ಟೆ ಸರಿಯಿದೆ ಅಂತ ಅರ್ಥ, ಹಾಗಾದರೆ ತೊಂದರೆ ಗರ್ಭಕೋಶದಲ್ಲೇ ಇರಬೇಕು ಅಂತ ಡಾಕ್ಟರು ಲೆಕ್ಕ ಹಾಕಿದರು. ಮತ್ತಿನ ಇಂಜೆಕ್ಷನ್ ಕೊಟ್ಟು ಗರ್ಭಕೋಶದ ಒಳಗೆ ಕೆರೆದು ಕ್ಲೀನ್ ಮಾಡಿದರು. ಏನೂ ಆಗಲಿಲ್ಲ. ಟಾನಿಕ್ಕು ಕೊಟ್ಟರು, ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಇಲ್ಲದ ಕಾಯಿಲೆಗೆ ಅವಳ ಮೈಯನ್ನು ಕೆರೆದಿದ್ದರು, ಇದ್ದ ಕಾಯಿಲೆಯನ್ನು ಅವಳೇ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಕೊನೆಗೆ ಒಂದು ದಿನ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿಬರುತ್ತೇನೆ ಅಂತ ಹೇಳಿ ಬಸ್ಸು ಹತ್ತಿದವಳು ಒಬ್ಬಳೇ ಡಾಕ್ಟರ ಎದುರು ಹೋಗಿ ಕೂತು ನಿಜ ಹೇಳಿದಳು. ಅಂಬುಜಾಕ್ಷಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ.

"ಒಂದು ವರ್ಷದಿಂದ ನನಗೂ ಸುಳ್ಳು ಹೇಳ್ಕೊಂಡು ಬಂದ್ಯಲ್ಲೇ! ಅತ್ತೆಗೆ ಹೇಳು, ದೇವರಿಗೆ ಹೇಳು, ಡಾಕ್ಟರಿಗೆ ಸುಳ್ಳು ಹೇಳ್ತಾರೇನೇ ಯಾರಾದ್ರೂ? ನಿನಗೆ ಸುಮ್ನೆ ಮತ್ತು ಕೊಟ್ಟು ಕೆರೆದೆನಲ್ಲ ನಾನು!"

ಬಯ್ದು ಮುಗಿದ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, ಕೈಯಿಂದ ಪರೀಕ್ಷೆ ಮಾಡಿದರು. ಎರಡೂ ಕಡೆಯ ಅಂಡಾಶಯ ಊದಿಕೊಂಡಿದ್ದು ಬೆರಳಿಗೆ ಸಿಕ್ಕಿತು. ಕೈ ತೊಳೆದುಕೊಂಡು ಬಂದು ಈ ಸಲ ಮೆತ್ತಗೆ ಹೇಳಿದರು.

"ನೋಡು, ತಿಂಗಳಿಗೆ ಒಂದು ಮೊಟ್ಟೆ ಬಲಿತು ಹೊರಗೆ ಬರಬೇಕು. ನಿನ್ನೊಳಗೆ ಹತ್ತಾರು ಒಟ್ಟಿಗೇ ಬೆಳೆಯೋಕೆ ಹೊರಡ್ತವೆ, ಒಂದೂ ಬಲಿಯಲ್ಲ. ಅರ್ಧಕ್ಕೇ ನಿಂತು ಸಣ್ಣ ಸಣ್ಣ ನೀರುಗುಳ್ಳೆ ಆಗಿ ಕೂತುಬಿಡ್ತವೆ. ಮೊಟ್ಟೆ ಹೊರಗೆ ಬರ್ದೆ ಮುಟ್ಟೂ ಇಲ್ಲ, ಮಗೂನೂ ಇಲ್ಲ. ಗಲ್ಲದ ಕೂದಲು, ಮೊಡವೆ, ಈ ಮೈ ಎಲ್ಲ ಅದರದ್ದೇ. ಪಾಲಿಸಿಸ್ಟಿಕ್ ಓವರಿ ಅಂತೀವಿ."

"ಹಾಗಾದ್ರೆ ನಾನು ಬಂಜೇನಾ ಡಾಕ್ಟ್ರೇ?"

"ಯಾರೇ ಹೇಳಿದ್ದು? ಮಾತ್ರೆ ಬಂದಿದೆ ಈಗ. ಮೊಟ್ಟೆ ಬಲಿಯೋ ಹಾಗೆ ಮಾಡತ್ತೆ. ಎಲ್ಲರಿಗೂ ಆಗತ್ತೆ ಅಂತಲ್ಲ, ಆದ್ರೆ ತುಂಬ ಜನಕ್ಕೆ ಆಗಿದೆ. ಇನ್ನೊಂದು ಮಾತು ಕೇಳಿಸ್ಕೋ. ಇಂಥವರಿಗೆ ಬಸಿರು ನಿಂತರೂ ಮೊದಲ ತಿಂಗಳುಗಳಲ್ಲಿ ಜಾರೋದು ಜಾಸ್ತಿ. ಒಂದು ಹನಿ ರಕ್ತ ಕಂಡ್ರೂ ಮಲಗಬೇಕು, ನನಗೆ ಹೇಳಿಕಳಿಸಬೇಕು. ಮನೇಲಿ ಹೇಳಿಬಿಡು, ಇಂಥದನ್ನ ಒಬ್ಬಳೇ ನಿಭಾಯಿಸೋಕಾಗಲ್ಲ."

ಮನೆಯಲ್ಲಿ ಹೇಳಲಿಲ್ಲ. ಬದರಿನಾಥನಿಗಾದರೂ ಹೇಳೋಣ ಅಂತ ಒಂದೆರಡು ಸಲ ಬಾಯಿ ತೆರೆದಳು. ಅವನು ಕೆಟ್ಟವನಲ್ಲ. ಒಂದು ದಿನವೂ ಕೈ ಎತ್ತಿದವನಲ್ಲ, ಸಂಬಳದ ದಿನ ಮಲ್ಲಿಗೆ ಹೂವು ಮರೆಯದವನು. ಆದರೆ ಅಮ್ಮನಿಗೆ ಹೇಳದೆ ಒಂದು ಬನಿಯನ್ನನ್ನೂ ಕೊಂಡವನಲ್ಲ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಗೌರಮ್ಮನ ಕಿವಿಗೆ ಹೋಗುತ್ತಿತ್ತು.

ಗುಟ್ಟಾಗಿ ಮಾತ್ರೆ ನುಂಗಿದಳು. ಅದಕ್ಕೆ ಮೊದಲು ಮುಟ್ಟು ತರಿಸುವುದಕ್ಕೆ ಡಾಕ್ಟರು ಕೊಟ್ಟಿದ್ದ ಇನ್ನೊಂದು ಮಾತ್ರೆಯನ್ನು ತನ್ನ ಸುಳ್ಳಿನ ದಿನಕ್ಕೇ ಹೊಂದಿಸಿಕೊಂಡು ತೆಗೆದುಕೊಂಡಳು, ಜಾಣೆ. ಆ ಕೆಲವು ತಿಂಗಳು ಹಿತ್ತಲ ಕೋಣೆಯಲ್ಲಿ ಅವಳು ನಿಜವಾಗಿಯೂ ಮುಟ್ಟಾಗಿ ಕೂತಳು. ನೋವಿಗೆ ಹೊಟ್ಟೆ ಹಿಡಿದುಕೊಂಡು ಒಬ್ಬಳೇ ನಗುತ್ತಿದ್ದಳು.

ಆಮೇಲೆ ಒಂದು ತಿಂಗಳು ರಕ್ತ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಡಾಕ್ಟರಿಗೆ ತೋರಿಸುತ್ತಿದ್ದರು. ಇವಳಿಗೆ ಮೂರು ಸಲದ ಹಸಿರು ಬಳೆ ಕಣ್ಣಮುಂದೆ ಬಂತು. ಮಾತ್ರೆಯೂ ಕೈಕೊಟ್ಟಿತು, ಮತ್ತೆ ಹಳೆಯ ಕಥೆಯೇ ಅಂದುಕೊಂಡಳು. ಲೆಕ್ಕದ ದಿನಕ್ಕೆ ಚಾಪೆ ತೆಗೆದುಕೊಂಡು ಹೊರಗೆ ಕೂತಳು. ಮರುತಿಂಗಳೂ ಕೂತಳು, ಅದರ ಮರುತಿಂಗಳೂ ಕೂತಳು. ಅಷ್ಟು ಹೊತ್ತಿಗೆ ಬೆಳಿಗ್ಗೆ ಎದ್ದರೆ ಬಾಯಲ್ಲಿ ನೀರು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸುವುದು. ಕೊನೆಗೆ ಧೈರ್ಯ ಮಾಡಿ ಬನಶಂಕರಿಗೆ ಹೋದಳು.

ಅಂಬುಜಾಕ್ಷಿ ಕೈಯಿಟ್ಟು ನೋಡಿ ನಕ್ಕರು. ಆ ಹೆಂಗಸು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ನಿಂತಿದೆ ಕಣೇ. ಮೂರು ತಿಂಗಳು ದಾಟಿದೆ. ಭಾರ ಎತ್ತಬೇಡ, ಬೆಂಕಿ ಮುಂದೆ ನಿಲ್ಲಬೇಡ. ಹೋಗು, ಈಗಲಾದ್ರೂ ಮನೇಲಿ ಹೇಳು."

ಬಸ್ಸಿನಲ್ಲಿ ಕೂತು ಚೂಡಾಮಣಿ ಅತ್ತಳು. ಸೆರಗು ಬಾಯಿಗಿಟ್ಟುಕೊಂಡು, ಸಂತೋಷಕ್ಕೆ, ಹೆದರಿಕೆಗೆ, ಎರಡಕ್ಕೂ. ತಾನು ಬಂಜೆಯಲ್ಲ! ಆದರೆ ಹೇಳುವುದು ಹೇಗೆ? ಹೋದ ವಾರವಷ್ಟೇ ಹೊರಗೆ ಕೂತು ಎದ್ದಿದ್ದಾಳೆ. ಮೂರು ತಿಂಗಳ ಬಸುರಿ ಅಂದರೆ "ಹಾಗಾದ್ರೆ ಹೋದ ವಾರ ಕೂತಿದ್ದು ಏನೇ?" ಅನ್ನುತ್ತಾರೆ. ನಿಜ ಹೇಳಿದರೆ ಎರಡು ವರ್ಷ ಮನೆಯವರನ್ನೆಲ್ಲ ಮಂಗ ಮಾಡಿದಳು ಅನ್ನುತ್ತಾರೆ. ಇಲ್ಲದಿದ್ದರೆ ಬಸುರಿ ನಾಟಕ ಮತ್ತೆ ಶುರುವಾಯ್ತು ಅನ್ನುತ್ತಾರೆ. ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಮುಂದಿನ ಸಲದ ದಿನಕ್ಕೆ ಹೊರಗೆ ಕೂರುವುದಿಲ್ಲ. ಅತ್ತೆಯೇ ಗಮನಿಸಿ ಕೇಳುತ್ತಾರೆ. ಆಗ ಹೌದು ಅಂದುಬಿಟ್ಟರಾಯಿತು. ಮಗು ಬೇಗ ಹುಟ್ಟಿದರೆ ಏಳು ತಿಂಗಳ ಮಗು ಅಂದರಾಯಿತು. ಇನ್ನು ಕೆಲವೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಆ ಕೆಲವೇ ದಿನಗಳ ನಡುವೆ ಮಾವನವರ ಶ್ರಾದ್ಧ ಬಂತು.

ವರ್ಷ ವರ್ಷವೂ ಗೌರಮ್ಮ ಶ್ರಾದ್ಧಕ್ಕೆ ಮುಂಚೆ ಒಬ್ಬ ಅಡಿಗೆಯವಳನ್ನು ಗೊತ್ತು ಮಾಡಿಡುತ್ತಿದ್ದರು. ಮನೆಯ ಹೆಂಗಸು ಯಾವಾಗ ಹೊರಗಾಗುತ್ತಾಳೋ ಹೇಳಲಾಗದು, ಪಿತೃಕಾರ್ಯ ನಿಲ್ಲಬಾರದು. ಈ ಸಲ ಅಡಿಗೆಯವಳು ತಾನೇ ಬಂದು ಕೇಳಿದರೆ ಗೌರಮ್ಮ ಗೇಟಿನಿಂದಲೇ ಕಳಿಸಿದರು. "ಬೇಡಮ್ಮ, ನಮ್ಮ ಸೊಸೆ ಈಗ ತಾನೇ ಎದ್ದಿದಾಳೆ. ಅವಳ ಲೆಕ್ಕ ತಪ್ಪಲ್ಲ. ಅವಳೇ ಮಾಡ್ತಾಳೆ, ಅವಳ ಮಾವನಿಗೆ ಅವಳ ಕೈ ಅಡಿಗೇನೇ ಇಷ್ಟ ಆಗೋದು."

ಶ್ರಾದ್ಧದ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒದ್ದೆ ಮಡಿಸೀರೆ ಉಡುವಾಗ ಚೂಡಾಮಣಿಯ ತೊಡೆಯ ಮೇಲೆ ರಕ್ತ ಕಂಡಿತು. ಸ್ವಲ್ಪವೇ.

ಮಲಗಬೇಕು. ಹೇಳಿಕಳಿಸಬೇಕು. ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಬಚ್ಚಲಮನೆಯ ಬಾಗಿಲು ತೆರೆದು ಹೊರಗೆ ಬಂದಳು. ನಡುಮನೆಯಲ್ಲಿ ಬದರಿನಾಥ ಮಡಿಪಂಚೆ ಉಟ್ಟು ದರ್ಭೆ ಬಿಡಿಸುತ್ತಿದ್ದ. ಗೌರಮ್ಮ ಮಂಡಿನೋವಿನ ಕಾಲು ಚಾಚಿ ಮಣೆಯ ಮೇಲೆ ಕೂತು ಎಳ್ಳು ಆರಿಸುತ್ತಿದ್ದರು.

"ಅಮ್ಮಾ..." ಅಂದಳು ಚೂಡಾಮಣಿ.

"ಏನೇ ಇನ್ನೂ ನಿಂತಿದ್ದೀಯ? ಬ್ರಾಹ್ಮಣರು ಬಂದುಬಿಡ್ತಾರೆ. ಒಲೆ ಹಚ್ಚು, ಹೋಗು."

ಏನು ಹೇಳಲಿ? ಹೊರಗಾದೆ ಅಂದರೆ, ಈಗ ತಾನೇ ಎದ್ದವಳು ಮತ್ತೆ ಹೊರಗಾಗುವುದುಂಟೇ? ಬಸುರಿಗೆ ರಕ್ತ ಬಂತು ಅಂದರೆ, ಯಾವ ಬಸುರಿ, ಯಾರಿಗೆ ಹೇಳಿದ್ದೆ? ಪುರೋಹಿತರು ಬರುವ ಹೊತ್ತಿನಲ್ಲಿ, ಎಲ್ಲರೆದುರಿಗೆ ಎರಡು ವರ್ಷದ ಸುಳ್ಳು ಹೊರಗೆ ಬೀಳಬೇಕೇ? ಸ್ವಲ್ಪವೇ ಕಂಡಿದ್ದು, ನಿಂತುಬಿಡುತ್ತದೆ ಅಂದುಕೊಂಡಳು. ಅಯ್ಯೋ ಹುಚ್ಚಿ! ಆ ಒಂದು ಮಾತು ಅಂದುಬಿಡಬಾರದಿತ್ತೇ? ಬಯ್ಯಲಿ, ಹೊಡೆಯಲಿ, ತಿಂಗಳೆಲ್ಲ ಮುಖ ತಿರುಗಿಸಲಿ, ಮಲಗಬಾರದಿತ್ತೇ? ಅವಳು ಅಡಿಗೆಮನೆಗೆ ಹೋದಳು. ಒಲೆ ಹಚ್ಚಿದಳು.

ಅವಳಿಗೂ ಹೆದರಿಕೆಯಿತ್ತು. ರಕ್ತ ಸೋರುತ್ತಾ ಪಿತೃಗಳಿಗೆ ಅನ್ನ ಬೇಯಿಸುವುದು ಎಂಥ ಪಾಪ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೌಟು ಹಿಡಿದ ಕೈಯಲ್ಲೇ ಮನಸ್ಸಿನೊಳಗೆ ಮಾವನಿಗೆ ಕೈಮುಗಿದಳು. ನೀವೇ ಕಾಪಾಡಿ, ಇದು ನಿಮ್ಮ ವಂಶದ್ದೇ, ಇದೊಂದು ಸಲ ಕ್ಷಮಿಸಿಬಿಡಿ. ವಡೆಗೆ ಒರಳಿನಲ್ಲಿ ಉದ್ದು ರುಬ್ಬಿದಳು. ಬಾವಿಯಿಂದ ಮಡಿನೀರು ಸೇದಿದಳು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಪಾಯಸ, ಎಳ್ಳುಂಡೆ, ಒಂದೊಂದೂ ಆಗುತ್ತಾ ಬಂತು. ಸೊಂಟದಲ್ಲಿ ಎದ್ದ ನೋವು ಹೊಟ್ಟೆಗೆ ಸುತ್ತಿಕೊಂಡು ಬರುತ್ತಿತ್ತು. ಹಳೆಯ ಸೀರೆಯ ತುಂಡು ಮಡಿಚಿ ಕಟ್ಟಿಕೊಂಡಳು, ಅದು ನೆಂದಾಗ ಇನ್ನೊಂದು ಕಟ್ಟಿಕೊಂಡಳು. ಬ್ರಾಹ್ಮಣರು ಎಲೆ ಮುಂದೆ ಕೂತಾಗ ಬಗ್ಗಿ ಬಗ್ಗಿ ತಾನೇ ಬಡಿಸಿದಳು. "ನಿಮ್ಮ ಸೊಸೆ ಕೈಗುಣ ಚೆನ್ನಾಗಿದೆ ಗೌರಮ್ಮ" ಅಂದರು ಪುರೋಹಿತರು, ಇನ್ನೊಂದು ವಡೆ ಹಾಕಿಸಿಕೊಂಡರು.

ಬ್ರಾಹ್ಮಣರು ದಕ್ಷಿಣೆ ತೆಗೆದುಕೊಂಡು ಹೊರಟ ಮೇಲೆ ಚೂಡಾಮಣಿ ಎಂಜಲೆಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಗೌರಮ್ಮ ಕುಂಟುತ್ತಾ ಹೋಗಿ ನೋಡಿದರೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದಳು. ಸೀರೆಯೆಲ್ಲ ಕೆಂಪು, ಕಲ್ಲೆಲ್ಲ ಕೆಂಪು. "ಬದರೀ!" ಅಂತ ಅವರು ಕೂಗಿದ್ದಕ್ಕೆ ಬೀದಿಯೇ ಓಡಿಬಂತು.

ಆಟೋದಲ್ಲಿ ಮಲಗಿಸಿಕೊಂಡು ಹೋದಾಗ ಎಲ್ಲಿಗೆ ಅಂತ ಅವಳೇ ಹೇಳಿದಳಂತೆ. ಸಂಜೆ ಅಂಬುಜಾಕ್ಷಿ ಒಳಗಿನಿಂದ ಬಂದರು. ಮುಖ ಬಿಳಿಚಿಕೊಂಡಿತ್ತು.

"ಅವಳು ಉಳಿದಳು. ಮಗು ಹೋಯ್ತು. ಮೂರೂವರೆ ತಿಂಗಳಾಗಿತ್ತು."

"ಎಂಥ ಮಗು ಡಾಕ್ಟ್ರೇ?" ಗೌರಮ್ಮನಿಗೆ ಅರ್ಥವೇ ಆಗಲಿಲ್ಲ. "ಮೊನ್ನೆ ತಾನೇ ಹೊರಗಿದ್ದಳಲ್ಲ, ನಾನೇ ಅನ್ನ ಹಾಕಿದೀನಿ!"

"ಅವಳನ್ನೇ ಕೇಳಿ" ಅಂದರು ಡಾಕ್ಟರು.

ಚೂಡಾಮಣಿ ಹೇಳಿದಳು. ಈಗ ಮುಚ್ಚಿಡುವುದಕ್ಕೆ ಏನಿತ್ತು? ಗೋಡೆ ನೋಡುತ್ತಾ, ನಿಧಾನವಾಗಿ, ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಅರ್ಧಕ್ಕೇ ನಿಲ್ಲುವ ಮೊಟ್ಟೆಯ ವಿಷಯ, ಮಾತ್ರೆಯ ವಿಷಯ, ಸುಮ್ಮನೆ ಕೂತ ದಿನಗಳ ವಿಷಯ. ಅತ್ತೆ ಈಗ ಕೆನ್ನೆಗೆ ಬಾರಿಸುತ್ತಾರೆ ಅಂತ ಕಣ್ಣು ಮುಚ್ಚಿಕೊಂಡಳು.

ಗೌರಮ್ಮ ಹೊಡೆಯಲಿಲ್ಲ. ಮಂಚದ ಮೇಲೆ ಧೊಪ್ಪನೆ ಕೂತು, ರಕ್ತವೋ ಮೈಲಿಗೆಯೋ ಏನನ್ನೂ ನೋಡದೆ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು ಹೋ ಅಂತ ಅತ್ತರು.

"ನನ್ನ ಹತ್ರ ಒಂದು ಮಾತು ಅಂದಿದ್ರೆ ನಿನ್ನನ್ನ ಒಲೆ ಮುಂದೆ ನಿಲ್ಲಿಸ್ತಿದ್ನೇನೇ ಪಾಪಿ? ಅಂಗೈಯಲ್ಲಿ ಇಟ್ಕೊಂಡು ನೋಡ್ಕೋತಿದ್ನಲ್ಲೇ! ನನ್ನ ಮೊಮ್ಮಗು ಕಣೇ ಅದು!"

ಚೂಡಾಮಣಿ ಬಿಕ್ಕಿ ಬಿಕ್ಕಿ ಅತ್ತಳು. ಮಗು ಹೋಯಿತು, ಆದರೆ ಈ ಎದೆ ಸಿಕ್ಕಿತು ಅಂತ ಒಂದು ಗಳಿಗೆ ಅವಳಿಗೆ ಅನ್ನಿಸಿದ್ದು ನಿಜ. ಮಲಗಿದ್ದರೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು, ಕೆಲವು ಸಲ ಏನು ಮಾಡಿದರೂ ನಿಲ್ಲುವುದಿಲ್ಲ, ಮಾತ್ರೆಯಿಂದ ಒಮ್ಮೆ ಆಗಿದೆ, ಮತ್ತೆ ಆದೀತು ಅಂತ ಡಾಕ್ಟರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಬದರಿನಾಥ ಕಿಟಕಿಯ ಹತ್ತಿರ ನಿಂತಿದ್ದ. ಬೆಳಗಿನ ಮಡಿಪಂಚೆಯ ಮೇಲೇ ಶರಟು ಹಾಕಿಕೊಂಡು ಬಂದಿದ್ದ.

"ಯಾವಾಗ ಶುರುವಾಯ್ತು?" ಅಂತ ಮೆಲ್ಲಗೆ ಕೇಳಿದ.

ಗಂಡ ಮಗುವಿನ ವಿಷಯ ಕೇಳುತ್ತಿದ್ದಾನೆ ಅಂದುಕೊಂಡಳು ಅವಳು. "ಬೆಳಿಗ್ಗೆ. ಸ್ನಾನ ಮಾಡಿ ಮಡಿ ಉಡ್ತಿದ್ದಾಗ."

"ಅಂದ್ರೆ ಒಲೆ ಹಚ್ಚೋಕೆ ಮುಂಚೇನೇ?"

"ಹೂಂ."

ಅವನು ಅಮ್ಮನ ಮುಖ ನೋಡಿದ. "ಹಾಗಾದ್ರೆ ಅಪ್ಪನಿಗೆ ಇವತ್ತಿನ ಪಿಂಡ ಸೇರಿಲ್ಲ ಅಮ್ಮ."

ಸೊಸೆಯ ತಲೆ ಸವರುತ್ತಿದ್ದ ಗೌರಮ್ಮನ ಕೈ ನಿಂತಿತು. ಅಳುವೂ ನಿಂತಿತು. ಆ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು, ಸೀರೆಗೆ ಒರೆಸಿಕೊಂಡರು. ಮಂಚದಿಂದ ಇಳಿದರು.

"ಪುರೋಹಿತರು ಮನೇಲಿರ್ತಾರೇನೋ ನೋಡೋಣ ನಡಿ" ಅಂದರು ಮಗನಿಗೆ. "ಏನು ಪ್ರಾಯಶ್ಚಿತ್ತ ಹೇಳ್ತಾರೋ ಏನೋ. ಗೊತ್ತಿದ್ದೂ ಗೊತ್ತಿದ್ದೂ ಮಾಡಿದಾಳೆ."

ಇಬ್ಬರೂ ಹೋದರು. ಸ್ವಲ್ಪ ಹೊತ್ತಿಗೆ ಬದರಿನಾಥ ಒಬ್ಬನೇ ವಾಪಸ್ಸು ಬಂದು, ಹೊಸಲಿನಾಚೆಯೇ ನಿಂತು ಹೇಳಿದ. "ಇಲ್ಲಿಂದ ಬಿಟ್ಟಮೇಲೆ ನೇರ ಹನುಮಂತನಗರಕ್ಕೇ ಹೋಗು ಚೂಡಾ. ನಿಮ್ಮಪ್ಪನಿಗೆ ಹೇಳಿಕಳಿಸಿದೀನಿ. ಅಮ್ಮ ಸದ್ಯಕ್ಕೆ ನಿನ್ನನ್ನ ಮನೆಗೆ ಸೇರಿಸೋಲ್ಲ." ಸದ್ಯಕ್ಕೆ ಅನ್ನುವ ಮಾತನ್ನು ಅವನು ಅವಳ ಕಣ್ಣು ನೋಡದೆ ಹೇಳಿದ. ಅವಳು ಏನಾದರೂ ಅನ್ನಬಹುದು ಅಂತ ಒಂದು ನಿಮಿಷ ಕಾದ. ಅವಳು ಗೋಡೆಯ ಕಡೆ ಮಗ್ಗಲಾದಳು, ಅವನು ಹೋದ.

ಆಮೇಲೆ ನರ್ಸು ಬಂದು ಹೊದಿಕೆ ಸರಿಮಾಡಿದಳು. ಮನೆಯವರು ಎಲ್ಲಿ, ಒಂದು ವಿಷಯ ಹೇಳಬೇಕಿತ್ತು ಅಂದಳು. ಯಾರೂ ಇಲ್ಲ, ನನಗೇ ಹೇಳಿ ಅಂದಳು ಚೂಡಾಮಣಿ. ಹೋದದ್ದು ಹೆಣ್ಣು ಮಗು ಅಂತ ನರ್ಸು ಹೇಳಿದಳು.